ಸ್ವೆಟರ್ ಕಾಣದ ಸ್ವೆಟರ್ ಜಾಹೀರಾತುಗಳು

ಮಾಲ್‌ಗಳಲ್ಲಿ ‘ಯುನೈಟೆಡ್ ಕಲರ್ಸ್ ಆಫ್ ಬೆನೆಟನ್’ ಅನ್ನೋ ಹಸಿರು ಬೋರ್ಡ್ ನೋಡಿರುತ್ತೀರಿ. ಆ ಬಟ್ಟೆ ಕಂಪನಿಯ ಹೆಸರು ಊರೂರಲ್ಲಿ ಮಾತಾಗುವಂತೆ ಮಾಡಿದವರು ಇಟಲಿಯ ಫೋಟೋಗ್ರಾಫರ್ ಒಲಿವಿಯೆರೊ ಟೊಸ್ಕಾನಿ. 2025ರ ಜನವರಿಯಲ್ಲಿ, 82ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕಲಾವಿದರೋ, ಬೇರೆಯವರ ನೋವು ಮಾರಿದ ಜಾಣರೋ ಅನ್ನೋ ಜಗಳ ಮಾತ್ರ ಇನ್ನೂ ತೀರಿಲ್ಲ.

1942ರಲ್ಲಿ ಮಿಲಾನ್‌ನಲ್ಲಿ ಹುಟ್ಟಿದವರು. ಅಪ್ಪ ದಿನಪತ್ರಿಕೆಯ ಫೋಟೋಗ್ರಾಫರ್. ಮಗ ಜ್ಯೂರಿಕ್‌ನಲ್ಲಿ ಓದಿ, ಎಲ್, ವೋಗ್ ತರದ ಫ್ಯಾಷನ್ ಪತ್ರಿಕೆಗಳಿಗೆ ಚಿತ್ರ ತೆಗೆದರು. ಕಿಡಿ ಹೊತ್ತಿದ್ದು 1973ರಲ್ಲಿ, ‘ಜೀಸಸ್’ ಹೆಸರಿನ ಜೀನ್ಸ್‌ಗೆ ಮಾಡಿದ ಜಾಹೀರಾತಿನಲ್ಲಿ. ತುಂಡು ಚಡ್ಡಿ ತೊಟ್ಟ ಹುಡುಗಿಯ ಹಿಂಭಾಗ, ಅದರ ಮೇಲೆ ‘ನನ್ನನ್ನು ಪ್ರೀತಿಸುವವರು ನನ್ನ ಹಿಂದೆ ಬನ್ನಿ’ ಅನ್ನೋ ಸಾಲು. ಕ್ಯಾಥೊಲಿಕ್ ಇಟಲಿಯಲ್ಲಿ ಗದ್ದಲ ಆಗದೆ ಇರುತ್ತಾ?

1982ರಲ್ಲಿ ಬೆನೆಟನ್ ಸೇರಿದರು. ಮೊದಮೊದಲು ಬೇರೆ ಬೇರೆ ಬಣ್ಣದ ಮಕ್ಕಳು ಬಣ್ಣ ಬಣ್ಣದ ಸ್ವೆಟರ್ ಹಾಕಿ ನಗುತ್ತಿದ್ದರು. ಯಾರಿಗೂ ತಕರಾರಿಲ್ಲದ ಕೆಲಸ. ಬರಬರುತ್ತಾ ಬಟ್ಟೆಯೇ ಮಾಯವಾಯಿತು. 1989ರಲ್ಲಿ ಬಿಳಿ ಮಗುವಿಗೆ ಹಾಲೂಡುವ ಕಪ್ಪು ಹೆಂಗಸು. ಗುಲಾಮಗಿರಿ ಕಾಲದ ದಾದಿಯರನ್ನು ನೆನಪಿಸುತ್ತೆ ಎಂದು ಅಮೆರಿಕದ ಕಪ್ಪು ಜನ ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದೇ ಅನ್ನಿಸುತ್ತೆ ನನಗೆ. 1991ರಲ್ಲಿ ಪಾದ್ರಿ, ಸನ್ಯಾಸಿನಿಯ ಮುತ್ತು. ಅದೇ ವರ್ಷ ಹೊಕ್ಕುಳಬಳ್ಳಿ ಕತ್ತರಿಸದ, ರಕ್ತ ಮೆತ್ತಿದ ಹಸುಗೂಸು. ಬ್ರಿಟನ್‌ನಲ್ಲಿ 800ಕ್ಕೂ ಜಾಸ್ತಿ ದೂರು ಬಂದವು. ಹುಟ್ಟಿದ ಮಗು ನೋಡಿ ಅಷ್ಟು ಜನ ಯಾಕೆ ಬೆಚ್ಚಿದರೋ!

ಎಲ್ಲಕ್ಕಿಂತ ದೊಡ್ಡ ಚರ್ಚೆಯಾದದ್ದು 1992ರ ಚಿತ್ರ. ಹಾಸಿಗೆಯಲ್ಲಿ ಏಡ್ಸ್‌ನಿಂದ ಸಾಯುತ್ತಿರುವ ಡೇವಿಡ್ ಕಿರ್ಬಿ. ಕೆನ್ನೆ ಬತ್ತಿದೆ, ಕಣ್ಣು ಎಲ್ಲೋ ನೆಟ್ಟಿದೆ. ಅಪ್ಪ ಮಗನ ತಲೆಗೆ ತಲೆ ಒತ್ತಿ ಅಳುತ್ತಿದ್ದಾರೆ. ಇದು ಟೊಸ್ಕಾನಿ ತೆಗೆದ ಚಿತ್ರವಲ್ಲ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ತೆಗೆದವರು ಥೆರೀಸ್ ಫ್ರೇರ್. 1990ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಕಪ್ಪುಬಿಳುಪಾಗಿ ಬಂದಿತ್ತು. ಟೊಸ್ಕಾನಿ ಅದಕ್ಕೆ ಬಣ್ಣ ಹಾಕಿಸಿ, ಮೂಲೆಯಲ್ಲಿ ಕಂಪನಿಯ ಹಸಿರು ಚೌಕ ಅಂಟಿಸಿದರು. ಕೆಲವು ಪತ್ರಿಕೆಗಳು ಹಾಕಲ್ಲ ಅಂದವು. ಏಡ್ಸ್ ಹೋರಾಟಗಾರರಲ್ಲೇ ಹಲವರು ಬೆನೆಟನ್ ಬಹಿಷ್ಕರಿಸಿ ಎಂದರು. ಮನೆಯವರು ಮಾತ್ರ ಒಪ್ಪಿಗೆ ಕೊಟ್ಟಿದ್ದರು. ಕಂಪನಿ ನಮ್ಮನ್ನು ಬಳಸಿಕೊಳ್ಳಲಿಲ್ಲ, ನಾವೇ ಅದನ್ನು ಬಳಸಿಕೊಂಡೆವು ಎಂದು ಡೇವಿಡ್‌ನ ಅಪ್ಪ ಹೇಳಿದ್ದನ್ನು ಫ್ರೇರ್ ನೆನೆದಿದ್ದಾರೆ. ಮಗನ ಕಾಯಿಲೆ ಜಗತ್ತಿಗೆ ಕಾಣಲಿ ಎಂಬುದು ಅವರ ಆಸೆ. ಆ ಮಾತು ಕೇಳಿದ ಮೇಲೆ ಸುಮ್ನೆ ‘ಶೋಷಣೆ’ ಎಂದು ಷರಾ ಬರೆಯೋದು ಕಷ್ಟ.

ಜರ್ಮನಿಯಲ್ಲಿ ವಿಷಯ ಕೋರ್ಟಿಗೆ ಹೋಯಿತು. 1995ರಲ್ಲಿ ಅಲ್ಲಿನ ನ್ಯಾಯಾಲಯ ಬೆನೆಟನ್‌ನ ಇಂಥ ಜಾಹೀರಾತುಗಳನ್ನು ತಪ್ಪೆಂದಿತು. 2000ದಲ್ಲಿ ಸಂವಿಧಾನ ನ್ಯಾಯಾಲಯ ಆ ತೀರ್ಪು ತಳ್ಳಿಹಾಕಿ, ಅಭಿವ್ಯಕ್ತಿ ಸ್ವಾತಂತ್ರ್ಯದ ಪರ ನಿಂತಿತು.

ಅದೇ ವರ್ಷ ಅಮೆರಿಕದಲ್ಲಿ ಪೆಟ್ಟು ಬಿತ್ತು. ಗಲ್ಲಿಗೆ ಕಾದಿರುವ ಕೈದಿಗಳ ಮುಖಗಳನ್ನು ಟೊಸ್ಕಾನಿ ಜಾಹೀರಾತು ಮಾಡಿದರು. ಅವರು ಕೊಂದವರ ಹೆಸರು ಎಲ್ಲೂ ಇಲ್ಲ. ಸತ್ತವರ ಮನೆಯವರು ರೊಚ್ಚಿಗೆದ್ದರು. ಸಿಯರ್ಸ್ ಅಂಗಡಿಗಳು ಬೆನೆಟನ್ ಬಟ್ಟೆ ಮಾರೋದನ್ನೇ ನಿಲ್ಲಿಸಿದವು. ಮಿಸೌರಿ ರಾಜ್ಯ, ಜೈಲಿನೊಳಗೆ ಬರಲು ಸುಳ್ಳು ಹೇಳಿದ್ದಾರೆ ಎಂದು ಕೇಸು ಹಾಕಿತು. ಟೊಸ್ಕಾನಿ ಬೆನೆಟನ್ ಬಿಟ್ಟರು.

2007ರಲ್ಲಿ ಮತ್ತೆ ಸುದ್ದಿ: ಊಟವನ್ನೇ ದೂರ ಮಾಡಿಸುವ ಅನೊರೆಕ್ಸಿಯಾ ಕಾಯಿಲೆಯಿಂದ ಎಲುಬುಗೂಡಾಗಿದ್ದ ಮಾಡೆಲ್ ಇಸಾಬೆಲ್ ಕಾರೊ ಚಿತ್ರ, ಮಿಲಾನ್ ಫ್ಯಾಷನ್ ವಾರದಲ್ಲೇ ದೊಡ್ಡ ಹೋರ್ಡಿಂಗ್‌ಗಳಲ್ಲಿ. ಆಕೆ 2010ರಲ್ಲಿ ತೀರಿಕೊಂಡಳು.

ಮುಂದೆ ಬೆನೆಟನ್ ಅವರನ್ನು ವಾಪಸ್ ಕರೆಸಿಕೊಂಡಿತು. 2018ರಲ್ಲಿ ಇಟಲಿಯ ಜಿನೋವಾದಲ್ಲಿ ಮೊರಾಂಡಿ ಸೇತುವೆ ಕುಸಿದು 43 ಜನ ಸತ್ತರು. ಸೇತುವೆ ನೋಡಿಕೊಳ್ಳುತ್ತಿದ್ದ ಕಂಪನಿಯಲ್ಲಿ ಬೆನೆಟನ್ ಕುಟುಂಬದ ದೊಡ್ಡ ಪಾಲಿತ್ತು. 2020ರಲ್ಲಿ ಟೊಸ್ಕಾನಿ ರೇಡಿಯೊದಲ್ಲಿ, ಸೇತುವೆ ಬಿದ್ದರೆ ಯಾರಿಗೇನು ಅನ್ನೋ ಅರ್ಥದ ಮಾತಾಡಿದರು. ಕ್ಷಮೆ ಕೇಳಿದರೂ ಬೆನೆಟನ್ ಅವರನ್ನು ಕೈಬಿಟ್ಟಿತು. ಕಪ್ಪು ಜನ, ಕೈದಿಗಳು ಕೊಂದವರ ಮನೆಯವರು ನೊಂದಾಗ ಮೊದಲು ವಾದಕ್ಕೆ ನಿಂತಿದ್ದ ಕಂಪನಿಗೆ, ಸ್ವಂತ ಮನೆಗೇ ಬಿಸಿ ತಟ್ಟಿದಾಗ ಸಂಬಂಧ ಮುರಿಯಲು ಕೆಲವೇ ದಿನ ಸಾಕಾಯಿತು.