ಪೂಜಿಸಿದ ಗಣಪತಿಯನ್ನು ನೀರಿಗೆ ಬಿಡುವುದೇಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಪ್ರತಿ ವರ್ಷ ಗಣಪತಿಯನ್ನು ಕೂರಿಸುತ್ತೇವೆ. ವಿಸರ್ಜನೆಯ ಹೊತ್ತಿಗೆ ಆರು ವರ್ಷದ ಮಗಳು, ‘ದೇವರನ್ನು ಯಾಕೆ ಮುಳುಗಿಸುತ್ತೀರಿ? ಉಸಿರು ಕಟ್ಟುವುದಿಲ್ಲವಾ?’ ಎಂದು ಅಳುತ್ತಾಳೆ. ಏನು ಹೇಳಬೇಕು?

ಉತ್ತರ: ವಿಸರ್ಜನೆಯ ದಿನ ಉತ್ತರ ಹುಡುಕಲು ಹೊರಟರೆ ತಡವಾಗುತ್ತದೆ, ಗಣಪತಿಯನ್ನು ಮನೆಗೆ ತರುವಾಗಲೇ ಮಾತು ಆರಂಭಿಸಬೇಕು. ಅಂಗಡಿಯಿಂದ ಬಂದಾಗ ಅದು ಮಣ್ಣಿನ ಮೂರ್ತಿ ಮಾತ್ರ. ಭಾದ್ರಪದ ಶುಕ್ಲ ಚೌತಿಯಂದು ಪ್ರಾಣಪ್ರತಿಷ್ಠೆ ಮಾಡಿ, ‘ಇಲ್ಲಿಗೆ ಬಾ, ಇಲ್ಲಿ ಕುಳಿತುಕೋ’ ಎಂದು ದೇವರನ್ನು ಆವಾಹಿಸಿದ ಮೇಲಷ್ಟೇ ಅದಕ್ಕೆ ಪೂಜೆ ಸಲ್ಲುತ್ತದೆ. ಅನಂತರ ನಡೆಯುವ 16 ಉಪಚಾರಗಳನ್ನು ಮಗುವಿಗೆ ಒಂದೊಂದಾಗಿ ತೋರಿಸಿ: ಕೂರಲು ಆಸನ, ಕಾಲಿಗೆ ನೀರು, ಕೈಗೆ ನೀರು, ಸ್ನಾನ, ಬಟ್ಟೆ, ಗಂಧ, ಹೂವು, ಊಟ. ಇವೆಲ್ಲ ಮನೆಗೆ ಬಂದ ನೆಂಟರಿಗೆ ನಾವು ಮಾಡುವ ಉಪಚಾರಗಳೇ. ತದಿಗೆಯ ದಿನ ಗೌರಿ ತವರಿಗೆ ಬರುತ್ತಾಳೆ, ಮರುದಿನ ತಾಯಿಯನ್ನು ಕರೆದೊಯ್ಯಲು ಗಣಪ ಬರುತ್ತಾನೆ ಎಂಬ ನಮ್ಮ ನಾಡಿನ ನಂಬಿಕೆಯನ್ನೂ ಹೇಳಿ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋಗಿ ಬಂದ ಮಗುವಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನೀರಿಗೆ ಬಿಡುವ ಮುನ್ನ ಮನೆಯಲ್ಲೇ ನಡೆಯುವ ಒಂದು ಸಣ್ಣ ಕ್ರಿಯೆಯನ್ನು ದೊಡ್ಡವರೂ ಗಮನಿಸುವುದಿಲ್ಲ. ಮರುಪೂಜೆ ಮಾಡಿ, ‘ಪುನರಾಗಮನಾಯ ಚ’, ಅಂದರೆ ಮತ್ತೆ ಬರುವುದಕ್ಕಾಗಿ ಹೋಗಿ ಬಾ ಎಂದು ಅಕ್ಷತೆ ಹಾಕಿ, ಮೂರ್ತಿಯನ್ನು ಪೀಠದಿಂದ ತುಸು ಕದಲಿಸುತ್ತಾರೆ. ದೇವರನ್ನು ಬೀಳ್ಕೊಡುವುದು ಆ ಗಳಿಗೆಯಲ್ಲೇ ಮುಗಿಯುತ್ತದೆ. ಬಳಿಕ ನೀರಿಗಿಳಿಯುವುದು ಮಣ್ಣು. ಕದಲಿಸುವಾಗ ಮಗಳ ಕೈಯನ್ನೂ ಸೇರಿಸಿಕೊಳ್ಳಿ. ಉಸಿರು ಕಟ್ಟುವ ಭಯಕ್ಕೆ ಇದಕ್ಕಿಂತ ನೇರವಾದ ಸಮಾಧಾನ ನನಗೆ ತಿಳಿದಿಲ್ಲ. ದೇವಾಲಯದ ಶಿಲಾವಿಗ್ರಹವನ್ನು ಏಕೆ ಬಿಡುವುದಿಲ್ಲ ಎಂದು ಕೇಳಿದರೆ, ಅಲ್ಲಿ ದೇವರನ್ನು ಸ್ಥಿರವಾಗಿ ನೆಲೆಗೊಳಿಸಿರುತ್ತಾರೆ ಎಂದರೆ ಸಾಕು.

ನಾಲ್ಕೈದು ವರ್ಷ ಕಳೆದ ಮೇಲೆ ಅದೇ ಮಗು, ‘ಎಲ್ಲ ಕಡೆ ಇರುವ ದೇವರು ಬರುವುದೇನು, ಹೋಗುವುದೇನು?’ ಎಂದು ಕೇಳಬಹುದು. ಆಗ ನೆಂಟರ ಹೋಲಿಕೆ ಸಾಲದು. ಹಳ್ಳಿಗಳಲ್ಲಿ ಸಗಣಿಯ ಉಂಡೆಗೆ ಗರಿಕೆ ಸಿಕ್ಕಿಸಿ ಬೆನಕನೆಂದು ಪೂಜಿಸುತ್ತಾರೆ. ಪುರೋಹಿತರು ಅರಿಶಿನದ ಮುದ್ದೆಯಲ್ಲೋ ಅಡಿಕೆಯಲ್ಲೋ ಗಣಪತಿಯನ್ನು ಆವಾಹಿಸುತ್ತಾರೆ. ಸೊಂಡಿಲು, ಹೊಟ್ಟೆ ಒಂದೂ ಇಲ್ಲದಿದ್ದರೂ ಪೂಜೆ ನಡೆಯುವುದರಿಂದ, ಆಕಾರವಿರುವುದು ನಮ್ಮ ಮನಸ್ಸು ನಿಲ್ಲಲೆಂದೇ ಎಂಬುದು ಗೊತ್ತಾಗುತ್ತದೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ, ಕಣ್ಣಿಗೆ ಕಾಣದ ಪರಮ ಸತ್ಯ ಎಲ್ಲ ಕಡೆ ಇದೆ ಎಂಬುದನ್ನು ಉಪ್ಪಿನಿಂದ ತಿಳಿಸುತ್ತಾನೆ. ರಾತ್ರಿ ನೀರಿಗೆ ಹಾಕಿದ ಉಪ್ಪು ಬೆಳಿಗ್ಗೆ ಕೈಗೆ ಸಿಗುವುದಿಲ್ಲ. ಮೇಲೆ, ನಡುವೆ, ತಳದಲ್ಲಿ ಎಲ್ಲಿ ಕುಡಿದರೂ ನೀರು ಉಪ್ಪಾಗಿಯೇ ಇರುತ್ತದೆ. ಒಂದು ಲೋಟ ನೀರಿದ್ದರೆ ಮನೆಯಲ್ಲೇ ಮಾಡಿ ತೋರಿಸಬಹುದಾದ ಪಾಠವಿದು.

ಆದರೆ ಮೂರ್ತಿ ನೀರಿನಲ್ಲಿ ಸುಲಭವಾಗಿ ಕರಗದ ಪ್ಲಾಸ್ಟರ್ ಆಫ್ ಪ್ಯಾರಿಸ್‌ನದಾದರೆ ಹೇಳಿದ್ದೆಲ್ಲ ವ್ಯರ್ಥ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲಿ ಅದನ್ನು ನಿಷೇಧಿಸಿದ್ದು ನೀರಿನ ಸಲುವಾಗಿ. ಕೆರೆಯ ದಡದಲ್ಲಿ ಮುರಿದ ಸೊಂಡಿಲನ್ನು ಕಂಡ ಮಗುವಿಗೆ ಮಾತ್ರ ಯಾವ ಮಂತ್ರದ ಅರ್ಥವೂ ಒಪ್ಪಿಗೆಯಾಗದು. ಬಣ್ಣವಿಲ್ಲದ ಜೇಡಿಮಣ್ಣಿನ ಪುಟ್ಟ ಗಣಪನನ್ನು ತಂದು, ಹಿತ್ತಿಲಲ್ಲಿ ಬಕೆಟ್ಟಿನ ನೀರಿಗೆ ಬಿಡಿ. ಪೂರ್ತಿ ಕರಗಿದ ಮೇಲೆ ಆ ಮಣ್ಣುನೀರನ್ನು ದಾಸವಾಳದ ಬುಡಕ್ಕೆ ಮಗಳ ಕೈಯಿಂದಲೇ ಹೊಯ್ಯಿಸಿ.