ಬಸುರಿಯ ಕಟ್ಟಿದ ಮೂಗು: ಬಿಟ್ಟ ಸ್ಪ್ರೇ, ನುಂಗಿದ ಮಾತ್ರೆ

ಕಳೆದ ಮಳೆಗಾಲದಲ್ಲಿ ಏಳು ತಿಂಗಳ ಬಸುರಿಯೊಬ್ಬರು ತಾಯಿಯ ಜೊತೆ ನನ್ನ ಕ್ಲಿನಿಕ್ಕಿಗೆ ಬಂದರು. ಬಾಯಿ ತೆರೆದುಕೊಂಡೇ ಉಸಿರಾಡುತ್ತಿದ್ದರು. ಕಣ್ಣಿನ ಕೆಳಗೆಲ್ಲ ಕಪ್ಪು. ಮಲಗಿದರೆ ಮೂಗು ಪೂರ್ತಿ ಕಟ್ಟುತ್ತದೆ ಎಂದು ಮೂರು ವಾರದಿಂದ ಕುರ್ಚಿಗೆ ಒರಗಿಕೊಂಡೇ ನಿದ್ದೆ. “ಇವಳಿಗೆ ಮೊದಲಿಂದಲೂ ಧೂಳು ಆಗಲ್ಲ ಡಾಕ್ಟ್ರೇ. ವರ್ಷವಿಡೀ ಸೀನು. ಬಸುರಿ ಅಂತ ಗೊತ್ತಾದ ದಿನವೇ ಮೂಗಿನ ಸ್ಪ್ರೇ ಬಿಡಿಸಿಬಿಟ್ಟೆ” ಎಂದರು ತಾಯಿ. ಮೊಮ್ಮಗುವಿಗೆ ಒಳ್ಳೆಯದು ಮಾಡಿದ್ದೇನೆ ಎಂಬ ನೆಮ್ಮದಿ ಅವರ ದನಿಯಲ್ಲಿತ್ತು.

ಬೇರೆ ಏನಾದರೂ ತಗೋತಿದ್ದೀಯಾ ಎಂದು ಮಗಳನ್ನು ಕೇಳಿದೆ. ಅವರು ಪರ್ಸಿನಿಂದ ಎರಡು ವಸ್ತು ತೆಗೆದಿಟ್ಟರು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ನೆಗಡಿ ಮಾತ್ರೆಯ ಅರ್ಧ ಖಾಲಿಯಾದ ಸ್ಟ್ರಿಪ್ ಒಂದು. ಮೂಗು ಬಿಡಿಸುವ ಡ್ರಾಪ್ಸ್ ಬಾಟಲಿ ಇನ್ನೊಂದು.

ಈ ಅದಲುಬದಲನ್ನು ನಾನು ಪದೇ ಪದೇ ನೋಡುತ್ತೇನೆ. ಮುಂದುವರಿಸಬಹುದಾಗಿದ್ದ ಔಷಧಿ ಕಸದ ಬುಟ್ಟಿಗೆ ಹೋಗಿರುತ್ತದೆ. ದೂರ ಇಡಬೇಕಾದದ್ದು ಕೈಚೀಲದಲ್ಲಿರುತ್ತದೆ. ಸ್ಪ್ರೇಯಲ್ಲಿ ಸ್ಟೀರಾಯ್ಡ್ ಇದೆ ಎಂದ ಕೂಡಲೇ ಹೆದರಿಕೆ. ಮಾತ್ರೆ ಬರೀ ನೆಗಡಿಯದ್ದು, ಅದಕ್ಕೇನು ಭಯ ಎಂಬ ಸದರ.

ಮೂಗಿನೊಳಗೆ ಏನಾಗುತ್ತದೆ ಎಂದು ಮೊದಲು ನೋಡೋಣ. ಬಸುರಿನಲ್ಲಿ ಮೈಯ ರಕ್ತದ ಪ್ರಮಾಣ ಶೇ 40ರಿಂದ 50ರಷ್ಟು ಹೆಚ್ಚುತ್ತದೆ. ಹಾರ್ಮೋನುಗಳೂ ಏರುತ್ತವೆ. ಮೂಗಿನ ಒಳಪೊರೆಯ ತುಂಬ ಸಣ್ಣ ರಕ್ತನಾಳಗಳೇ ಇರುವುದರಿಂದ ಅದು ಊದಿಕೊಳ್ಳುತ್ತದೆ. ಹೀಗಾಗಿ ಅಲರ್ಜಿಯೇ ಇಲ್ಲದ ಬಸುರಿಯರಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ವಾರಗಟ್ಟಲೆ ಮೂಗು ಕಟ್ಟುತ್ತದೆ. ಹೆರಿಗೆಯಾದ ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಸೀನುವಾಗ ಒಂದೆರಡು ಹನಿ ರಕ್ತ ಕಾಣುವುದೂ ಇದೇ ಕಾರಣಕ್ಕೆ.

ಅಲರ್ಜಿಯ ಗುರುತು ಬೇರೆ. ಬೆಳಿಗ್ಗೆ ಎದ್ದ ಕೂಡಲೇ ಸಾಲುಸಾಲು ಸೀನು, ಮೂಗಿನ ತುದಿಯಲ್ಲಿ ಮತ್ತು ಅಂಗುಳಿನಲ್ಲಿ ಕಡಿತ, ನೀರಿನಂತೆ ಸೋರುವ ಮೂಗು, ಉಜ್ಜಿ ಉಜ್ಜಿ ಕೆಂಪಾದ ಕಣ್ಣು. ಮೊದಲೇ ಅಲರ್ಜಿ ಇದ್ದವರಿಗೆ ಬಸುರಿನ ಊತವೂ ಸೇರಿದರೆ ಎರಡು ಪಟ್ಟು ಕಷ್ಟ. ಕೆಲವರಿಗೆ ಬಸುರಿನಲ್ಲಿ ಅಲರ್ಜಿ ಕಡಿಮೆಯಾಗುವುದೂ ಉಂಟು. ಯಾವುದು ಎಂದು ಗುರುತಿಸುವುದು ಮುಖ್ಯ. ಏಕೆಂದರೆ ಬರೀ ಬಸುರಿನ ಊತಕ್ಕೆ ಅಲರ್ಜಿಯ ಸ್ಪ್ರೇ ಹೆಚ್ಚು ಕೆಲಸ ಮಾಡುವುದಿಲ್ಲ. ಆಗ ಉಪ್ಪುನೀರು, ದಿಂಬು ಎತ್ತರಿಸಿ ಎಡ ಮಗ್ಗುಲಿಗೆ ಮಲಗುವುದು, ದಿನಾ ಒಂದಷ್ಟು ನಡಿಗೆ, ಇಷ್ಟೇ ಮದ್ದು.

ವರ್ಷವಿಡೀ ಕಾಡುವ ಅಲರ್ಜಿಯ ಮೂಲ ಸಾಮಾನ್ಯವಾಗಿ ಮನೆಯೊಳಗೇ ಇರುತ್ತದೆ. ಮುಖ್ಯ ಕಾರಣ ಧೂಳಿನ ನುಸಿ. ಡಸ್ಟ್ ಮೈಟ್ ಎನ್ನುತ್ತೇವಲ್ಲ, ಅದೇ. ಮಿಲಿಮೀಟರಿನ ಕಾಲು ಭಾಗದಷ್ಟು ಗಾತ್ರ, ಬರಿಗಣ್ಣಿಗೆ ಕಾಣುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಪುಡಿ ತಿಂದು ಹಾಸಿಗೆ, ದಿಂಬು, ಕೌದಿ, ಸೋಫಾಗಳಲ್ಲಿ ಬದುಕುತ್ತದೆ. ಕಚ್ಚುವುದಿಲ್ಲ. ಅದರ ಹಿಕ್ಕೆ ಉಸಿರಿನಲ್ಲಿ ಸೇರಿದರೆ ಸೀನು ಶುರು. ತೇವ ಇದ್ದಷ್ಟೂ ಅದಕ್ಕೆ ಸುಖ. ಮಲೆನಾಡು, ಕರಾವಳಿಯ ಮಳೆಗಾಲದ ಮನೆಗಳಲ್ಲಿ ಇದರ ಜೊತೆ ಗೋಡೆಯ ಬೂಷ್ಟೂ ಸೇರುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಜಿರಳೆ, ಹೊರಗಡೆ ಖಾಲಿ ಸೈಟುಗಳ ಪಾರ್ಥೇನಿಯಂ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯ ಬಗ್ಗೆ ಹೇಳಲೇಬೇಕು. ಸೀಮಂತ ಮುಗಿಸಿ ಬಸುರಿ ತವರಿಗೆ ಹೋಗುತ್ತಾಳೆ. ಮಗಳು ಬರುತ್ತಾಳೆ ಎಂದು ತಾಯಿ ಅಟ್ಟದಿಂದ ಹಳೇ ಹತ್ತಿ ಹಾಸಿಗೆ ಇಳಿಸುತ್ತಾರೆ. ಬೀರುವಿನಲ್ಲಿ ವರ್ಷಗಟ್ಟಲೆ ಮಡಚಿಟ್ಟ ಕಂಬಳಿ, ಕೌದಿ ತೆಗೆಯುತ್ತಾರೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ನುಸಿಯ ಅಲರ್ಜಿ ಇದ್ದವಳಿಗೆ ಅದಕ್ಕಿಂತ ಕೆಟ್ಟ ಹಾಸಿಗೆ ಬೇರೆ ಇಲ್ಲ. ನಾನು ಮೇಲೆ ಹೇಳಿದ ಹೆಣ್ಣುಮಗಳ ಮೂಗು ಪೂರ್ತಿ ಕಟ್ಟಿದ್ದು ತವರಿಗೆ ಬಂದ ಮೂರನೇ ದಿನ. ಬಸುರಿಯ ಹೊದಿಕೆ, ದಿಂಬಿನ ಕವರು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ಹತ್ತಿ ಹಾಸಿಗೆಯಾದರೆ ಚೆನ್ನಾಗಿ ಬಿಸಿಲಿಗೆ ಹಾಕಿ, ಬೇರೆಯವರು ಹೊರಗಡೆ ಕೊಡವಿ, ಮೇಲೊಂದು ಒತ್ತು ನೇಯ್ಗೆಯ ಜಿಪ್ ಕವರು ಹಾಕಬೇಕು. ಪೊರಕೆಯಲ್ಲಿ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳು ಏಳುವುದಿಲ್ಲ. ಅಟ್ಟ ಕ್ಲೀನ್ ಮಾಡುವ ಕೆಲಸ ಏನಿದ್ದರೂ ಅವಳು ಬರುವ ಮೊದಲೇ ಮುಗಿಯಲಿ. ಮಲಗುವ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆ ಬತ್ತಿ ಬೇಡ, ಸೊಳ್ಳೆ ಪರದೆ ಕಟ್ಟಿ. ಪರದೆಯನ್ನೂ ಒಗೆಯಿರಿ.

ಆಮೇಲೆ ಉಪ್ಪುನೀರು. ಇದನ್ನು ನಾನು ಎಷ್ಟು ಹೇಳಿದರೂ ಕಡಿಮೆಯೇ. ಬಸುರಿನ ಯಾವ ತಿಂಗಳಿನಲ್ಲೂ ಮಾಡಬಹುದು, ಮಗುವಿಗೆ ಏನೂ ಆಗುವುದಿಲ್ಲ, ಖರ್ಚೂ ಇಲ್ಲ. ಒಂದು ಲೋಟ, ಅಂದರೆ ಸುಮಾರು 240 ಮಿಲಿ ನೀರಿಗೆ ಅರ್ಧ ಟೀ ಚಮಚ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ನೀರು ಕುದಿಸಿ ಆರಿಸಿದ್ದೇ ಆಗಿರಬೇಕು. ನಲ್ಲಿ ನೀರು, ಬಾವಿ ನೀರು ಹಾಗೇ ಹಾಕಬಾರದು. ಕೇರಳದಲ್ಲಿ 2024 ಮತ್ತು 2025ರಲ್ಲಿ ಸುದ್ದಿಯಾದ ಮೆದುಳಿನ ಅಮೀಬಾ ಸೋಂಕು ನಿಮಗೆ ನೆನಪಿರಬಹುದು, ಅಂಥ ಅಮೀಬಾ ಮೈಯೊಳಗೆ ಹೋಗುವುದು ಹೆಚ್ಚಾಗಿ ಮೂಗಿನ ದಾರಿಯಲ್ಲೇ. ಸಿಂಕಿನ ಮೇಲೆ ಬಗ್ಗಿ, ಬಾಯಿ ತೆರೆದು ಉಸಿರಾಡುತ್ತ, ನೇತಿ ಪಾತ್ರೆಯಿಂದಲೋ ಬಾಟಲಿಯಿಂದಲೋ ಒಂದು ಹೊಳ್ಳೆಗೆ ಬಿಟ್ಟರೆ ಇನ್ನೊಂದರಿಂದ ಇಳಿಯುತ್ತದೆ. ದಿನಕ್ಕೆ ಎರಡು ಸಲ ಸಾಕು. “ಬಿಪಿ ಇದೆ, ಉಪ್ಪು ಬೇಡ ಅಂದಿದ್ದಾರೆ” ಎಂದು ಕೆಲವರು ಹಿಂಜರಿಯುತ್ತಾರೆ. ಗಂಟಲಿಗೆ ಬಂದದ್ದನ್ನು ಉಗಿದರೆ ಆಯಿತು, ಈ ಉಪ್ಪು ಹೊಟ್ಟೆಗೆ ಹೋಗುವಂಥದ್ದಲ್ಲ.

ಇಷ್ಟರಲ್ಲೇ ನಿದ್ದೆ ಬರುವಂತಾದರೆ ಸಂತೋಷ. ಆಗದಿದ್ದರೆ ಔಷಧಿ ಬೇಕು, ಅದರಲ್ಲಿ ತಪ್ಪೇನಿಲ್ಲ. ಸ್ಟೀರಾಯ್ಡ್ ಸ್ಪ್ರೇಗಳಲ್ಲಿ ಬ್ಯುಡೆಸೊನೈಡ್ ಬಗ್ಗೆ ಬಸುರಿಯರ ಅನುಭವ ಜಾಸ್ತಿ ಇದೆ. ಆಸ್ತಮಾಕ್ಕಾಗಿ ಬಸುರಿನ ಮೊದಲ ತಿಂಗಳುಗಳಲ್ಲಿ ಇದನ್ನೇ ಇನ್ಹೇಲರಿನಲ್ಲಿ ಎಳೆದುಕೊಂಡ ಎರಡು ಸಾವಿರಕ್ಕೂ ಹೆಚ್ಚು ಸ್ವೀಡನ್ ತಾಯಂದಿರ ದಾಖಲೆಗಳನ್ನು 1999ರಲ್ಲಿ ಪರಿಶೀಲಿಸಿದ್ದರು. ಮಕ್ಕಳಲ್ಲಿ ಹುಟ್ಟು ದೋಷ ಹೆಚ್ಚಿರಲಿಲ್ಲ. ಫ್ಲುಟಿಕಾಸೋನ್, ಮೊಮೆಟಾಸೋನ್ ಸ್ಪ್ರೇಗಳೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಶೇ 2ರಷ್ಟೂ ಇಲ್ಲ. ಅವು ಒಗ್ಗಿ ಹೋಗಿದ್ದರೆ ಸಾಮಾನ್ಯವಾಗಿ ನಾನು ಬದಲಿಸುವುದಿಲ್ಲ. ಟ್ರಯಾಮ್ಸಿನೊಲೋನ್ ಸ್ಪ್ರೇ ಮಾತ್ರ ಬಸುರಿನಲ್ಲಿ ಬರೆಯುವುದಿಲ್ಲ.

ಸ್ಪ್ರೇ ಹೊಡೆಯುವ ರೀತಿಯೇ ಬಹಳ ಜನಕ್ಕೆ ತಪ್ಪಾಗಿರುತ್ತದೆ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ತುದಿ ಕಣ್ಣಿನ ಹೊರಮೂಲೆಯ ಕಡೆ ತಿರುಗಿರಲಿ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಜೋರಾಗಿ ಎಳೆಯಬೇಡಿ, ಗಂಟಲಿಗೆ ಇಳಿದುಹೋಗುತ್ತದೆ. ಎರಡು ದಿನ ಹೊಡೆದು “ಏನೂ ಆಗಲಿಲ್ಲ” ಎಂದು ಬಿಡುವವರೇ ಹೆಚ್ಚು. ಪೂರ್ತಿ ಗುಣ ಕಾಣಲು ಒಂದರಿಂದ ಎರಡು ವಾರ ಬೇಕು.

ಸೀನು, ಕಡಿತ ಜಾಸ್ತಿ ಇದ್ದರೆ ಸೆಟ್ರಿಜಿನ್ ಅಥವಾ ಲೊರಾಟಡಿನ್. ಬಸುರಿಯರಲ್ಲಿ ಹೆಚ್ಚು ಬಳಕೆಯಲ್ಲಿರುವ, ಇದುವರೆಗೆ ತೊಂದರೆ ತೋರದ ಮಾತ್ರೆಗಳು ಇವು. ಇವನ್ನೂ ನಿಮ್ಮ ಹೆರಿಗೆ ಡಾಕ್ಟರಿಗೆ ತಿಳಿಸಿಯೇ ತೆಗೆದುಕೊಳ್ಳಿ, ತಾಯಿ ಕಾರ್ಡಿನಲ್ಲಿ ಬರೆಸಿ.

ಇನ್ನು ಪರ್ಸಿನಲ್ಲಿದ್ದ ಆ ಎರಡು ವಸ್ತುಗಳು. ಅಂಗಡಿಯ ನೆಗಡಿ ಮಾತ್ರೆಗಳಲ್ಲಿ ಹೆಚ್ಚಿನವು ಮೂರ್ನಾಲ್ಕು ಔಷಧಿಗಳ ಮಿಶ್ರಣ. ಅದರಲ್ಲಿ ಫೆನೈಲೆಫ್ರಿನ್ ಎಂಬುದು ರಕ್ತನಾಳಗಳನ್ನು ಬಿಗಿಸುವಂಥದ್ದು. ಬಿಪಿ ಏರಿಸಬಲ್ಲದು. ಮೊದಲ ಮೂರು ತಿಂಗಳಲ್ಲಂತೂ ಬೇಡವೇ ಬೇಡ, ಆಮೇಲೂ ನಾನು ಕೊಡುವುದಿಲ್ಲ. ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿ ನೋಡಿ. ಡ್ರಾಪ್ಸಿನ ಕಥೆ ಬೇರೆ. ಝೈಲೊಮೆಟಾಝೊಲಿನ್, ಆಕ್ಸಿಮೆಟಾಝೊಲಿನ್ ಹಾಕಿದ ಐದು ನಿಮಿಷದಲ್ಲಿ ಮೂಗು ಬಿಡುತ್ತದೆ. ಆದರೆ ಮೂರರಿಂದ ಐದು ದಿನ ದಾಟಿದರೆ, ಔಷಧಿಯ ಗುಣ ಇಳಿದಾಗ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ಮತ್ತೆ ಡ್ರಾಪ್ಸ್, ಮತ್ತೆ ಕಟ್ಟು. ಆ ಹೆಣ್ಣುಮಗಳು ಇಪ್ಪತ್ತು ದಿನದಿಂದ ಹಾಕುತ್ತಿದ್ದರು. ಅವರ ಕಷ್ಟದ ಅರ್ಧ ಭಾಗ ಆ ಬಾಟಲಿಯದ್ದೇ.

ಹಬೆ ತೆಗೆದುಕೊಂಡರೆ ಸ್ವಲ್ಪ ಹಾಯೆನಿಸಬಹುದು, ಅಲರ್ಜಿ ಹೋಗುವುದಿಲ್ಲ. ದೊಡ್ಡ ಹೊಟ್ಟೆ ಇಟ್ಟುಕೊಂಡು ಕುದಿಯುವ ಪಾತ್ರೆಯ ಮೇಲೆ ಬಗ್ಗುವುದು ನನಗೆ ಇಷ್ಟವಿಲ್ಲ, ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ಮೆಣಸು, ಶುಂಠಿಯ ಕಷಾಯ ದಿನಕ್ಕೊಂದು ಸಣ್ಣ ಲೋಟ ಕುಡಿದರೆ ಅಡ್ಡಿಯಿಲ್ಲ. ಅತಿಮಧುರ ಹಾಕಿದ ಪುಡಿ ಮಾತ್ರ ಬಸುರಿನಲ್ಲಿ ಬೇಡ. ಅಲರ್ಜಿಯ ಚುಚ್ಚುಮದ್ದನ್ನು ಬಸುರಿನಲ್ಲಿ ಹೊಸದಾಗಿ ಶುರು ಮಾಡುವುದಿಲ್ಲ, ಮೊದಲೇ ಒಗ್ಗಿದ್ದರೆ ಡೋಸ್ ಏರಿಸದೆ ಮುಂದುವರಿಸಬಹುದು.

“ಸೀನಿದರೆ ಮಗುವಿಗೆ ಪೆಟ್ಟಾಗುತ್ತಾ?” ಎಂದು ಕೇಳದ ಬಸುರಿಯಿಲ್ಲ. ಇಲ್ಲಮ್ಮ, ಆಗುವುದಿಲ್ಲ. ಮಗು ನೀರಿನ ಚೀಲದೊಳಗೆ ಭದ್ರವಾಗಿರುತ್ತದೆ. ಕಿಬ್ಬೊಟ್ಟೆ ಚುಳುಕ್ ಎನ್ನುವುದು ಗರ್ಭಕೋಶ ಹಿಡಿದ ದಾರಗಳು ಎಳೆದು. ಸೀನುವಾಗ ಮುಂದಕ್ಕೆ ಬಾಗಿ, ಹೊಟ್ಟೆಗೆ ಕೈಕೊಡಿ.

ಹೆದರಬೇಕಾದ ವಿಷಯಗಳು ಬೇರೆ ಇವೆ. ಎದೆಯಲ್ಲಿ ಸುಂಯ್ ಶಬ್ದ, ರಾತ್ರಿ ಕೆಮ್ಮು, ಮೆಟ್ಟಿಲು ಹತ್ತಿದರೆ ಎದೆ ಬಿಗಿತ ಇದ್ದರೆ ಅದು ಆಸ್ತಮಾ ಇರಬಹುದು. ಅದಕ್ಕೆ ತಡಮಾಡಬೇಡಿ, ಇನ್ಹೇಲರ್ ನಿಲ್ಲಿಸಲೇಬೇಡಿ. ತಾಯಿಗೆ ಉಸಿರು ಕಡಿಮೆಯಾದರೆ ಮಗುವಿಗೂ ಆಮ್ಲಜನಕ ಕಡಿಮೆ. ಬಸುರಿನಲ್ಲಿ ಹೊಸದಾಗಿ ಜೋರು ಗೊರಕೆ ಶುರುವಾದರೂ ಡಾಕ್ಟರಿಗೆ ಹೇಳಿ. ಅದಕ್ಕೂ ಬಸುರಿನ ಬಿಪಿಗೂ ನಂಟಿದೆ. ಗಂಡಂದಿರು ಇದನ್ನು ನಗುವ ವಿಷಯ ಮಾಡಬಾರದು, ಕೇಳಿಸಿಕೊಳ್ಳುವವರು ಅವರೇ ಅಲ್ವಾ?

ಆ ಹೆಣ್ಣುಮಗಳಿಗೆ ಡ್ರಾಪ್ಸ್, ಮಾತ್ರೆ ಎರಡನ್ನೂ ನಿಲ್ಲಿಸಿ, ಉಪ್ಪುನೀರು ಮತ್ತು ಅವರದೇ ಹಳೇ ಸ್ಪ್ರೇ ಶುರು ಮಾಡಿಸಿದೆ. ಮೊದಲ ನಾಲ್ಕು ರಾತ್ರಿ ಕಷ್ಟ ಎಂದು ಮುಂಚೆಯೇ ಹೇಳಿದ್ದೆ, ಕಷ್ಟವೇ ಆಯಿತಂತೆ. ಎರಡು ವಾರದ ನಂತರ ಹಾಸಿಗೆಯಲ್ಲೇ ಮಲಗಿ ನಿದ್ದೆ ಮಾಡಿದರು. ಆಗ ತಾಯಿ ಕೇಳಿದ್ದು ಬಾಣಂತನದ ಬಗ್ಗೆ. ಸ್ಪ್ರೇ, ಸೆಟ್ರಿಜಿನ್ ಎರಡೂ ಹಾಲೂಡಿಸುವಾಗ ನಡೆಯುತ್ತವೆ ಎಂದೆ. ಬಾಣಂತಿ ಕೋಣೆಯ ಕೆಂಡ, ಲೋಬಾನದ ಹೊಗೆ ಮಾತ್ರ ಬೇಡ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ತಲೆಗೂದಲು ಹೇಗೆ ಆರಿಸೋದು ಡಾಕ್ಟ್ರೇ?” ಎಂದರು. ದಪ್ಪ ಟವೆಲಿನಲ್ಲಿ ಒರೆಸಿ, ಕಿಟಕಿ ಪಕ್ಕ ಎಳೆ ಬಿಸಿಲಿಗೆ ಕೂರಿಸಿ ಎಂದು ಚೀಟಿಯಲ್ಲೇ ಬರೆದುಕೊಟ್ಟೆ.