ಮಳೆಗೆ ಮುಂಚೆ ತಾರಸಿ: ಕೊಡಗಿನ ಮನೆಗೆ ಕಾಂಕ್ರೀಟ್ ಹಲಗೆ

ಕೊಡಗಿನಲ್ಲಿ ಮನೆ ಕಟ್ಟುವವರ ಲೆಕ್ಕಾಚಾರವೆಲ್ಲ ನಿಂತಿರುವುದು ಜೂನ್ ತಿಂಗಳ ಮೇಲೆ. ಅಷ್ಟರೊಳಗೆ ಮೋಲ್ಡ್ ಹಾಕದಿದ್ದರೆ ಆ ವರ್ಷದ ಕತೆ ಮುಗಿದ ಹಾಗೆ. ಕಾಫಿ ಕೊಯ್ಲು ಮುಗಿಯುವವರೆಗೆ ಕೆಲಸದವರು ಸಿಗುವುದಿಲ್ಲ, ಮುಗಿದ ಮೇಲೆ ಎಲ್ಲರಿಗೂ ಒಟ್ಟಿಗೇ ಸೆಂಟ್ರಿಂಗ್ ಶೀಟು ಬೇಕು, ಅಂತೂ ಕಂಬಿ ಕಟ್ಟಿ ಆಯಿತು ಅನ್ನುವಾಗ ಮೇ ತಿಂಗಳ ಗುಡುಗು ಮಳೆ. ಇಂಥ ಊರಿನಲ್ಲಿ, ಎಲ್ಲೋ ಫ್ಯಾಕ್ಟರಿಯಲ್ಲಿ ಎರಕ ಹೊಯ್ದು ಗಟ್ಟಿಯಾದ ತಾರಸಿ ಕಾಂಕ್ರೀಟ್ ಹಲಗೆಗಳಾಗಿ ಲಾರಿಯಲ್ಲಿ ಬಂದು ಗೋಡೆ ಮೇಲೆ ಕೂರುತ್ತದೆ ಅಂದರೆ ಯಾರಿಗೆ ಆಸೆ ಆಗಲ್ಲ?

ಆಸೆಗೆ ಕಾರಣವೂ ಇದೆ. ಸ್ಥಳದಲ್ಲೇ ಹಾಕಿದ ಸ್ಲಾಬಿನ ಆಸರೆ ಕಂಬಗಳನ್ನು ತೆಗೆಯಲು ನಮ್ಮ ಐಎಸ್ 456 ಮಾನಕ ಹೇಳುವ ಕನಿಷ್ಠ ಅವಧಿ, ನಾಲ್ಕೂವರೆ ಮೀಟರ್ ಒಳಗಿನ ಅಂತರಕ್ಕೆ 7 ದಿನ, ಅದಕ್ಕಿಂತ ಜಾಸ್ತಿಯಾದರೆ 14 ದಿನ. ಅದೂ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟು ಬಳಸಿ, ಹವೆ 15 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ. ಡಿಸೆಂಬರ್ ರಾತ್ರಿ ಮಡಿಕೇರಿಯಲ್ಲಿ ಅದಕ್ಕಿಂತ ಕೆಳಗೆ ಇಳಿಯುತ್ತದೆ, ಸಿಮೆಂಟು ಗಟ್ಟಿಯಾಗುವ ಕ್ರಿಯೆಯೂ ನಿಧಾನವಾಗುತ್ತದೆ. ಫ್ಯಾಕ್ಟರಿಯ ಹಲಗೆಗೆ ಈ ತಾಪತ್ರಯ ಇಲ್ಲ. ಅದರ ಕ್ಯೂರಿಂಗ್ ಅಲ್ಲೇ ಮುಗಿದಿರುತ್ತದೆ.

ಈಗ ಹಲಗೆಯ ಒಳಗೆ ಏನಿದೆ ನೋಡೋಣ. ಕಾಂಕ್ರೀಟನ್ನು ಎಷ್ಟು ಬೇಕಾದರೂ ಒತ್ತಿ, ತಡೆಯುತ್ತದೆ. ಎಳೆದರೆ ಮಾತ್ರ ಬಿರುಕು ಬಿಡುತ್ತದೆ. ಅದರ ಎಳೆತದ ಶಕ್ತಿ ಒತ್ತಡದ ಶಕ್ತಿಯ ಸುಮಾರು ಹತ್ತನೇ ಒಂದು ಪಾಲು. ಎರಡು ಗೋಡೆ ಮೇಲೆ ಕೂತ ಹಲಗೆಯ ಮೇಲೆ ಜನ ನಡೆದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಮೇಲಿನ ಭಾಗ ಒತ್ತಿಕೊಳ್ಳುತ್ತದೆ, ಕೆಳಗಿನ ಭಾಗ ಎಳೆದುಕೊಳ್ಳುತ್ತದೆ. ಕಂಬಿ ಕೆಳಗೆ ಇರುವುದು ಅದಕ್ಕೇ. ಹೊಯ್ಸಳರ ದೇವಸ್ಥಾನದ ಮಂಟಪಗಳಲ್ಲಿ ಕಂಬಗಳು ಅಷ್ಟು ಹತ್ತಿರ ಹತ್ತಿರ ನಿಂತಿರುವುದೂ ಕಲ್ಲಿಗೆ ಇದೇ ದೌರ್ಬಲ್ಯ ಇರುವುದರಿಂದ. ಅಂತರ ಎರಡು ಪಟ್ಟಾದರೆ, ಮೀಟರಿಗೆ ಅಷ್ಟೇ ಹೊರೆ ಇದ್ದರೂ ಬಾಗಿಸುವ ಬಲ ನಾಲ್ಕು ಪಟ್ಟು ಆಗುತ್ತದೆ, ಬಾಗು 16 ಪಟ್ಟು ಆಗುತ್ತದೆ.

ಇಟ್ಟಿಗೆ ಇಳಿಸುವವರನ್ನು ನೋಡಿದ್ದೀರಲ್ಲ, ನಾಲ್ಕೈದು ಇಟ್ಟಿಗೆಗಳನ್ನು ಸಾಲಾಗಿ ಎರಡೂ ಅಂಗೈ ನಡುವೆ ಒತ್ತಿ ಒಟ್ಟಿಗೆ ಎತ್ತುತ್ತಾರೆ. ನಡುವೆ ಗಾರೆ ಇಲ್ಲ, ಆದರೂ ಬೀಳುವುದಿಲ್ಲ. ಫ್ಯಾಕ್ಟರಿಯ ಹಲಗೆಯಲ್ಲಿ ಮಾಡುವ ಪ್ರೀಸ್ಟ್ರೆಸ್, ಅಂದರೆ ಮೊದಲೇ ಅದುಮಿಡುವುದು, ಇದೇ. ಉಕ್ಕಿನ ತಂತಿಯನ್ನು ಮೊದಲೇ ಜೋರಾಗಿ ಎಳೆದು ಹಿಡಿದು, ಸುತ್ತ ಕಾಂಕ್ರೀಟ್ ಹೊಯ್ದು, ಗಟ್ಟಿಯಾದ ಮೇಲೆ ತಂತಿಯನ್ನು ಬಿಡುತ್ತಾರೆ. ಅದು ಕುಗ್ಗಲು ಹೋಗಿ ಕಾಂಕ್ರೀಟನ್ನು ಅದುಮಿ ಹಿಡಿಯುತ್ತದೆ. ಹಿಂದೆ ಮಾಮೂಲಿ ಕಂಬಿಯಲ್ಲಿ ಇದನ್ನು ಮಾಡಲು ಹೋದವರು ಸೋತರು. ಕಾಂಕ್ರೀಟ್ ವರ್ಷಗಟ್ಟಲೆ ನಿಧಾನಕ್ಕೆ ಕುಗ್ಗುತ್ತದೆ, ಅಷ್ಟಕ್ಕೇ ಕಂಬಿಯ ಬಿಗಿ ಎಲ್ಲ ಸಡಿಲವಾಗಿ ಹೋಗುತ್ತಿತ್ತು. ಫ್ರಾನ್ಸಿನ ಇಂಜಿನಿಯರ್ ಯೂಜೀನ್ ಫ್ರೇಸಿನೇ ಈ ಕುಗ್ಗುವಿಕೆಯನ್ನು ಅರ್ಥ ಮಾಡಿಕೊಂಡು, ಬಹಳ ಗಟ್ಟಿ ಉಕ್ಕನ್ನು ಬಹಳ ಜೋರಾಗಿ ಎಳೆದರೆ ಸಡಿಲವಾದ ಮೇಲೂ ಬೇಕಾದಷ್ಟು ಬಿಗಿ ಉಳಿಯುತ್ತದೆ ಎಂದು ಕಂಡುಕೊಂಡು 1928ರಲ್ಲಿ ಪೇಟೆಂಟ್ ಪಡೆದ. ಇಂದು ಬಳಸುವ ತಂತಿ ನಮ್ಮ ಮನೆಗಳ ಫೆ 500 ಕಂಬಿಗಿಂತ ಮೂರು ಪಟ್ಟಿಗೂ ಜಾಸ್ತಿ ಗಟ್ಟಿ.

ಹಲಗೆಯ ನಡುವೆ ಉದ್ದಕ್ಕೂ ಟೊಳ್ಳು ಬಿಟ್ಟಿರುತ್ತಾರೆ, ಯಾಕೆಂದರೆ ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಸುಮ್ನೆ ಭಾರ. 200 ಮಿಲಿಮೀಟರ್ ದಪ್ಪದ ಗಟ್ಟಿ ಸ್ಲಾಬು ಚದರ ಮೀಟರಿಗೆ 500 ಕಿಲೋ ತೂಗಿದರೆ, ಟೊಳ್ಳು ಹಲಗೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೂಗುತ್ತದೆ.

ಎತ್ತುವಾಗಲೇ ಎಡವಟ್ಟು ಆಗುವುದು. ತಂತಿ ಕೆಳಗಿದೆ, ಮೇಲೆ ಹೆಚ್ಚೇನಿಲ್ಲ. ನಡುವಿಗೆ ಬೆಲ್ಟ್ ಹಾಕಿ ಎತ್ತಿದರೆ ಎರಡೂ ತುದಿ ಜೋತು ಬಿದ್ದು ಮೇಲ್ಭಾಗ ಎಳೆತಕ್ಕೆ ಸಿಗುತ್ತದೆ, ಹಲಗೆ ಬಿರುಕು ಬಿಡುತ್ತದೆ. ತುದಿಗಳ ಹತ್ತಿರವೇ ಹಿಡಿದು ಎತ್ತಬೇಕು. ಪೇರಿಸಿಡುವಾಗಲೂ ಮರದ ತುಂಡುಗಳು ತುದಿಗಳ ಹತ್ತಿರ, ಒಂದರ ಮೇಲೊಂದು ನೇರವಾಗಿ ಇರಬೇಕು. ತುಂಡು ಒಂದಡಿ ಆಚೀಚೆ ಆದರೆ ಏನಾಗುತ್ತೆ ಅನ್ನುವ ಮೇಸ್ತ್ರಿಗೆ ಈ ಕೆಲಸ ಕೊಡಬೇಡಿ.

ಕೂರಿಸುವುದು ಗೋಡೆಯ ಮೇಲೆ ನೇರವಾಗಿ ಅಲ್ಲ, ಗೋಡೆಯ ತಲೆಗೆ ಉದ್ದಕ್ಕೂ ಹಾಕಿದ ಸಮತಟ್ಟಾದ ಆರ್‌ಸಿಸಿ ಪಟ್ಟಿಯ, ಅಂದರೆ ಬೆಲ್ಟಿನ ಮೇಲೆ. ತುದಿ ಕನಿಷ್ಠ 75 ಮಿಲಿಮೀಟರ್ ಒಳಗೆ ಕೂರಬೇಕು, 100 ಇದ್ದರೆ ನೆಮ್ಮದಿ. ತಂತಿ ಅದುಮಿದ್ದರಿಂದ ಹಲಗೆಯ ನಡು ಸ್ವಲ್ಪ ಮೇಲಕ್ಕೆ ಉಬ್ಬಿರುತ್ತದೆ, ಎಲ್ಲ ಹಲಗೆಯ ಉಬ್ಬೂ ಒಂದೇ ಸಮ ಇರುವುದಿಲ್ಲ. ಪಕ್ಕದ್ದಕ್ಕೂ ಇದಕ್ಕೂ ಹೊಂದಿಸಿಕೊಂಡೇ ಸಂದು ತುಂಬಬೇಕು.

ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಆ ಸಂದಿನಲ್ಲಿ. ಸ್ಥಳದಲ್ಲಿ ಹಾಕಿದ ಮೋಲ್ಡ್ ಒಂದೇ ತುಂಡು. ಹಲಗೆಗಳು ಬಿಡಿಬಿಡಿ. 1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಪ್ರೀಕಾಸ್ಟ್ (ಮೊದಲೇ ಎರಕ ಹೊಯ್ದ ತುಂಡುಗಳ) ಕಟ್ಟಡದ 18ನೇ ಮಹಡಿಯಲ್ಲಿ ಗ್ಯಾಸ್ ಸಿಡಿದು ಗೋಡೆ ಹಾರಿಹೋಯಿತು. ಆಸರೆ ತಪ್ಪಿದ ಮೇಲಿನ ಮಹಡಿಗಳು ಬಿದ್ದವು, ಅವುಗಳ ಭಾರಕ್ಕೆ ಕೆಳಗಿನವೂ ಬಿದ್ದು ಕಟ್ಟಡದ ಒಂದು ಮೂಲೆಯೇ ಹೋಯಿತು. ನಾಲ್ವರು ಸತ್ತರು. ತುಂಡುಗಳು ಗಟ್ಟಿ ಇದ್ದರೆ ಸಾಲದು, ಒಂದನ್ನೊಂದು ಕಟ್ಟಿರಬೇಕು ಎಂಬ ನಿಯಮಗಳು ಬಿಗಿಯಾದದ್ದು ಅದರ ನಂತರ. ನಮ್ಮ ಎರಡಂತಸ್ತಿನ ಮನೆಗೆ ಅದೆಲ್ಲ ಯಾಕೆ ಅನ್ನಬೇಡಿ. 2022ರ ಜೂನ್‌ನಲ್ಲಿ ಚೆಂಬು, ಕರಿಕೆ ಕಡೆ ಭೂಮಿ ನಡುಗಿದ್ದು ನೆನಪಿದೆ ಅಲ್ವಾ? ಅವು ಸಣ್ಣವು, ಸರಿ. ಆದರೆ ನೆಲ ಅಡ್ಡಡ್ಡ ಅಲುಗಿದಾಗ ತಾರಸಿ ಒಂದೇ ಹಾಳೆಯ ಹಾಗೆ ಅಲುಗಬೇಕು. ಅದಕ್ಕೆ ಬೆಲ್ಟಿನಿಂದ ಕಂಬಿ ಎದ್ದು ಬಂದಿರಬೇಕು, ಸಂದುಗಳಲ್ಲಿ ಸಣ್ಣ ಜಲ್ಲಿಯ ಕಾಂಕ್ರೀಟ್ ತುಂಬಿರಬೇಕು, ಮೇಲೆ ಜಾಲರಿ ಹಾಸಿ ಸುಮಾರು 50 ಮಿಲಿಮೀಟರ್ ಕಾಂಕ್ರೀಟ್ ಹಾಕಬೇಕು. ಖರ್ಚು ಉಳಿಸಲು ಇದನ್ನೇ ಬಿಟ್ಟುಬಿಡುವವರಿದ್ದಾರೆ, ಅವರಿಂದ ದೂರ ಇರಿ.

ಇಷ್ಟೆಲ್ಲ ಸರಿ, ಹಲಗೆ ಸೈಟಿಗೆ ಬರಬೇಕಲ್ಲ. 1.2 ಮೀಟರ್ ಅಗಲ, 4 ಮೀಟರ್ ಉದ್ದದ ಹಲಗೆ ಒಂದು ಟನ್ನಿಗೂ ಮೇಲೆ ತೂಗುತ್ತದೆ. ಲಾರಿ ಕುಶಾಲನಗರದವರೆಗೆ ಸಲೀಸಾಗಿ ಬರುತ್ತದೆ, ಅಲ್ಲಿಂದ ಮುಂದೆ ತಿರುವು, ತೋಟದ ಒಳಗಿನ ಮಣ್ಣು ರಸ್ತೆ, ಮಳೆಗಾಲವಾದರೆ ಭಾರೀ ವಾಹನಗಳಿಗೆ ಜಿಲ್ಲಾಡಳಿತದ ನಿರ್ಬಂಧ. ಕ್ರೇನಿನ ಲೆಕ್ಕ ಇನ್ನೂ ಕಷ್ಟ. 12 ಟನ್ ಕ್ರೇನು ಅಂದರೆ ಪಕ್ಕದಲ್ಲೇ ಇರುವ ಹೊರೆಗೆ 12 ಟನ್. ತೋಳು ದೂರ ಚಾಚಿದಷ್ಟೂ ಮಗುಚುವ ಬಲ ಹೆಚ್ಚುತ್ತದೆ, ಎತ್ತುವ ತಾಕತ್ತು ಸರ್ರನೆ ಇಳಿಯುತ್ತದೆ. ನಮ್ಮ ಸೈಟುಗಳೋ, ಗುಡ್ಡದ ಬರೆ ಕಡಿದು ಮಾಡಿದವು. ಕ್ರೇನು ನಿಲ್ಲುವುದು ಎಷ್ಟೋ ಸಲ ಆಗಷ್ಟೇ ತುಂಬಿದ ಮಣ್ಣಿನ ಮೇಲೆ. 2018ರ ಆಗಸ್ಟಿನ ಭೂಕುಸಿತ ನೋಡಿದ ಮೇಲೂ ಆ ಮಣ್ಣನ್ನು ನಂಬುವುದು ಹೇಗೆ?

ಹಾಗಾಗಿ ರಸ್ತೆ ಬದಿಯ ಸೈಟಿಗೆ ದೊಡ್ಡ ಹಲಗೆ ಸರಿ, ತೋಟದೊಳಗಿನ ಮನೆಗೆ ಬೇಡ. ಅಲ್ಲಿಗೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಪುಟ್ಟ ಹಲಗೆಯೇ ವಾಸಿ. 30 ಸೆಂಟಿಮೀಟರ್ ಅಗಲ, ಹೆಚ್ಚೆಂದರೆ ಒಂದೂವರೆ ಮೀಟರ್ ಉದ್ದ, ತೂಕ 50 ಕಿಲೋ ಆಸುಪಾಸು. ಇಬ್ಬರು ಎತ್ತಬಹುದು. ಗೋಡೆಯಿಂದ ಗೋಡೆಗೆ ಸಣ್ಣ ತೊಲೆಗಳನ್ನು ಇಟ್ಟು, ನಡುವೆ ಈ ಹಲಗೆ ಜೋಡಿಸಿ, ಮೇಲೆ ಕಾಂಕ್ರೀಟ್ ಹಾಕುತ್ತಾರೆ. ತೊಲೆಗೆ ಮಾತ್ರ ಐದಾರು ಜನ ಬೇಕಾದೀತು. ಕಾಫಿ ಕಣದಲ್ಲೇ ಅಚ್ಚು ಇಟ್ಟು ಎರಕ ಹೊಯ್ದುಕೊಳ್ಳಬಹುದು, ಕೊಯ್ಲು ಶುರುವಾಗುವ ಮುಂಚೆ ಕಣ ಖಾಲಿ ಮಾಡಿದರೆ ಆಯಿತು. ಇದು ಪ್ರೀಸ್ಟ್ರೆಸ್ ಅಲ್ಲ, ಮಾಮೂಲಿ ಕಂಬಿಯದು.

ದೊಡ್ಡ ಟೊಳ್ಳು ಹಲಗೆಯನ್ನೇ ಹಾಕಿಸುವವರಿಗೆ ಇನ್ನೊಂದು ವಿಷಯ. ತುದಿ ಮುಚ್ಚುವ ಮುಂಚೆ ಮಳೆ ಬಂದರೆ ನೀರು ಟೊಳ್ಳಿನೊಳಗೆ ನಿಲ್ಲುತ್ತದೆ. ತಿಂಗಳುಗಳಾದ ಮೇಲೆ, ಪೇಂಟೆಲ್ಲ ಆದ ಮೇಲೆ, ಬಿಸಿಲಿರುವ ದಿನವೇ ಒಳಗೆ ತೊಟ್ಟಿಕ್ಕುತ್ತದೆ, ಮನೆಯವರು ಮಾಡು ಸೋರುತ್ತಿದೆ ಅಂತ ಮೇಲೆ ವಾಟರ್‌ಪ್ರೂಫಿಂಗ್ ಬಳಿಸುತ್ತಾರೆ. ಪ್ರತಿ ಟೊಳ್ಳಿನ ತಳಕ್ಕೂ ತುದಿಯ ಹತ್ತಿರ ಒಂದೊಂದು ಸಣ್ಣ ತೂತು ಫ್ಯಾಕ್ಟರಿಯಲ್ಲೇ ಕೊರೆದು ಕಳಿಸುವಂತೆ ಆರ್ಡರ್ ಕೊಡುವಾಗಲೇ ಹೇಳಿ. ಆಮೇಲೆ ಸೈಟಿನಲ್ಲಿ ಡ್ರಿಲ್ ಹಿಡಿದರೆ ತಂತಿಗೆ ತಗಲುವ ಭಯ ಇರುತ್ತದೆ.